ಹೆಂಗಸರಿಗೆ ಬರುವ ಗ್ಯಾಸು

ಕಾರ್ತಿಕ ಮುಗಿದು ಕಾಲುವೆ ಬಯಲಿನಲ್ಲಿ ಬತ್ತದ ಕೊಯ್ಲು ಜೋರಾಗಿದ್ದ ದಿನಗಳು. ದಢೇಸುಗೂರಿನಲ್ಲಿ ಆಗತಾನೇ ಬೆಳಕು ಹರಿದಿತ್ತು. ಬಸವಣ್ಣೆಮ್ಮ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಇದ್ದಕ್ಕಿದ್ದಂತೆ ಕೈ ಸೋತಿತು. ದವಡೆ ಹಿಡಿದುಕೊಂಡಿತು, ಬೆನ್ನಿನ ನಡುವೆ ಗೂಟ ಬಡಿದಂಥ ನೋವು. ಆ ಚಳಿಯಲ್ಲೂ ಕುಪ್ಪಸ ಬೆವರಿಗೆ ತೊಯ್ದು ಹೊಟ್ಟೆ ತೊಳಸಿತು.

"ಏನ್ರಿ, ಒಂದೀಟು ಇಲ್ಲಿ ಬರ್ರಿ," ಎಂದು ಗಂಡ ಆದೆಪ್ಪನನ್ನು ಕರೆದಳು.

ಎದೆಯ ವಿಷಯದಲ್ಲಿ ಆದೆಪ್ಪನ ಮಾತೆಂದರೆ ಊರಿಗೆ ಪಂಚರ ತೀರ್ಪು. ಅವನಿಗೇ ಒಮ್ಮೆ ಹಾರ್ಟ್ ಅಟ್ಯಾಕ್ ಆಗಿ, ಸ್ಟೆಂಟ್ ಹಾಕಿಸಿಕೊಂಡು ಬಂದವನು. ಅಂದಿನಿಂದ ಯಾರಿಗೆ ಎದೆ ಹಿಡಿದರೂ ಮೊದಲು ಅವನ ಕಟ್ಟೆಗೆ ಬರುವುದು ರೂಢಿ. "ಎದಿ ಮ್ಯಾಲ ಎತ್ತು ಕಾಲಿಟ್ಟಂಗ ಆಗೇತೇನು?" ಎಂದು ಕೇಳುವನು. ಹೌದೆಂದರೆ ತಾನೇ ಆಟೋ ಕರೆಸಿ ಸಿಂಧನೂರಿಗೆ ಕಳಿಸುವನು. ಇಲ್ಲವೆಂದರೆ ಗ್ಯಾಸು, ಓಂಕಾಳು ಅಗಿ ಎನ್ನುವನು. ಹಾಗೆ ಉಳಿದುಕೊಂಡ ಗಂಡಸರು ಇಂದಿಗೂ ಅವನನ್ನು ಕಂಡರೆ ಕೈ ಮುಗಿಯುತ್ತಾರೆ.

ಹೆಂಡತಿಗೂ ಅದನ್ನೇ ಕೇಳಿದ.

"ಎತ್ತೂ ಇಲ್ಲ, ಎಮ್ಮಿನೂ ಇಲ್ಲ. ದವಡಿ ನೋಯಾಕತ್ತೈತಿ, ಬೆನ್ನು ನೋಯಾಕತ್ತೈತಿ. ಉಸಿರು ಸಾಲವಲ್ದು."

"ಹಂಗಾರ ಗ್ಯಾಸ್ ಬಿಡು. ಅನುಭವಿಸಿ ಬಂದಾಂವ ನಾನು, ನನಗ ಗೊತ್ತಿಲ್ಲೇನು? ಓಂಕಾಳು ಅಗಿದು ಮಕ್ಕೊ."

ಬಸವಣ್ಣೆಮ್ಮ ಓಂಕಾಳು ಬಾಯಿಗೆ ಹಾಕಿಕೊಂಡಳು. ಅಗಿಯುತ್ತಿದ್ದಂತೆ ಪಾಮನಕಲ್ಲೂರಿನ ತವರುಮನೆ ನೆನಪಾಯಿತು. ಹಾಲು ಹಿಂಡುತ್ತಿದ್ದ ಅವ್ವ ಬೆನ್ನುನೋವೆಂದು ಒಳಗೆ ಬಂದು, ವಾಂತಿ ಮಾಡಿಕೊಂಡು ಮಲಗಿದವಳು ಮತ್ತೆ ಏಳಲಿಲ್ಲ. ಸೋದರತ್ತೆಯೂ ಹಾಗೆಯೇ ಹೋದಳು. ಇಬ್ಬರಿಗೂ ಮನೆಯವರು ಓಂಕಾಳೇ ಕೊಟ್ಟಿದ್ದರು. ಬಾಯಲ್ಲಿದ್ದುದನ್ನು ಉಗುಳಿದಳು.

"ನಮ್ಮವ್ವ ಗ್ಯಾಸ್ ಆಗಿ ಸತ್ಲು, ನಮ್ಮತ್ತಿ ಗ್ಯಾಸ್ ಆಗಿ ಸತ್ಲು. ಗಂಡಸೊಬ್ಬ ಗ್ಯಾಸ್ ಆಗಿ ಸತ್ತದ್ದು ಕೇಳೀರೇನು ನೀವು?"

ಆದೆಪ್ಪ ಓಂಕಾಳಿನ ಡಬ್ಬಿಯನ್ನೇ ಮತ್ತೆ ಅವಳ ಮುಂದೆ ಹಿಡಿದ.

"ನೀವು ಬಂದ್ರ ಬರ್ರಿ, ಬಿಟ್ರ ಬಿಡ್ರಿ. ನಾ ಹೊಂಟೆ."

ಗೋಡೆ ಹಿಡಿದು ಅಂಗಳಕ್ಕೆ ಬಂದು, ಎದುರು ಮನೆಯ ಆಟೋದವನನ್ನು ಕೂಗಿದಳು. "ಸೊಹೇಲ್, ಗಾಡಿ ತಗಿಯೋ."

"ಕಾಕಾ ನೋಡಿ ಏನಂದ್ರು, ಕಾಕಿ?"

"ಕಾಕಾನ ಮಾತು ಕೇಳಿದ್ರ ನೀ ನನ್ನ ಮಣ್ಣಿಗೆ ಬರಬೇಕಾಕ್ಕತಿ. ತಗೀ ಮೊದಲು!"

ಆಟೋ ಹೊರಡುವ ಹೊತ್ತಿಗೆ ಆದೆಪ್ಪ ಬರಿಗಾಲಲ್ಲಿ ಓಡಿ ಬಂದು ಹತ್ತಿದ.

ಸಿಂಧನೂರಿನ ದವಾಖಾನೆಯಲ್ಲಿ ಡಾಕ್ಟರ್ ಅಶ್ವಿನಿ ಇಸಿಜಿ ನೋಡಿದವಳೇ ಗುಳಿಗೆ ಕೊಟ್ಟು, ರಾಯಚೂರಿಗೆ ಒಯ್ಯಲು ಆಂಬುಲೆನ್ಸ್ ಹೇಳಿದಳು. ಹಾರ್ಟ್ ಅಟ್ಯಾಕೇ ಆಗಿತ್ತು.

"ಅಕಿಗೆ ಎದಿ ನೋವೇ ಇಲ್ರೀ, ಮೇಡಂ," ಎಂದ ಆದೆಪ್ಪ.

"ಹೆಂಗಸರಿಗೂ ಬಹಳ ಸಲ ಎದಿನೇ ನೋಯ್ತದ, ಯಜಮಾನ್ರ. ಆದ್ರ ದವಡಿ ನೋವು, ಬೆನ್ನು ನೋವು, ವಾಂತಿ, ಸುಸ್ತು, ಇವು ಗಂಡಸರಿಗಿಂತ ಅವರಿಗೆ ಹೆಚ್ಚು. ಮೊದಲಿಂದ ಸಂಶೋಧನೆ ಮಾಡಿದವರು ಗಂಡಸರನ್ನೇ ಹೆಚ್ಚು ಪರೀಕ್ಷೆ ಮಾಡ್ಕೋತ ಬಂದ್ರು. ಹೆಂಗಸರ ಮೈ ಬ್ಯಾರೆ ಹೇಳ್ತದ ಅನ್ನೋದನ್ನ ಈಗೀಗ ಸರಿಯಾಗಿ ನೋಡಾಕತ್ತಾರ."

"ಅಂದ್ರ ನನ್ನಂಗ ದೊಡ್ಡ ಡಾಕ್ಟರ್‌ಗಳೂ ತಪ್ಯಾರ ಅನ್ರಿ!" ಆದೆಪ್ಪನ ಮುಖ ತುಸು ಅರಳಿತು.

"ಅದಕ್ಕ ಹಿಗ್ಗಬ್ಯಾಡ್ರಿ," ಎಂದಳು ಬಸವಣ್ಣೆಮ್ಮ, ಮಲಗಿದಲ್ಲಿಂದಲೇ. "ಸಾಯಾಕಿ ನಾ ಇದ್ದೆ."

ರಾಯಚೂರಿನಲ್ಲಿ ಹೃದಯದ ಮುಚ್ಚಿದ್ದ ರಕ್ತನಾಳ ತೆರೆದರು. ಬಸವಣ್ಣೆಮ್ಮ ಮನೆಗೆ ಬಂದು ಚೇತರಿಸಿಕೊಂಡಳು. ಒಂದು ಭಾನುವಾರ ಪಾಮನಕಲ್ಲೂರಿನಿಂದ ತಂಗಿ ಶಿವಕುಮಾರಿಯ ಫೋನು ಬಂತು. ಅಕ್ಕನ ಆರೋಗ್ಯ ಕೇಳಿದವಳು, ಮಾತಿನ ನಡುವೆ ತನ್ನದೂ ಹೇಳಿಕೊಂಡಳು. ಕೊಡ ಹೊತ್ತರೆ ಬೆನ್ನು ಹಿಡಿಯುತ್ತದಂತೆ, ಉಸಿರು ಕಟ್ಟುತ್ತದಂತೆ. "ಗ್ಯಾಸ್ ಇರಬೇಕು ಬಿಡಕ್ಕ."

ಬಸವಣ್ಣೆಮ್ಮ ಫೋನನ್ನು ಗಂಡನ ಕೈಗೆ ಕೊಟ್ಟಳು. ಆದೆಪ್ಪ ಎಲ್ಲವನ್ನೂ ಕೇಳಿಸಿಕೊಂಡ.

"ಗ್ಯಾಸೋ ಅಲ್ಲೋ ಡಾಕ್ಟರ್ ಹೇಳ್ಲಿ, ತಂಗಿ. ನೀ ಕೊಡ ಕೆಳಗಿಡು, ನಾ ಬರ್ತೀನಿ."

ಮರುದಿನ ಸೋಮವಾರ, ಮೊದಲ ಬಸ್ಸಿಗೇ, ನಾದಿನಿಯನ್ನು ದವಾಖಾನೆಗೆ ಕರೆತರಲು ಆದೆಪ್ಪ ಹೊರಟುಹೋದ.