ಮೂರನೆಯ ಸಲ ಕೇಳಿದರೆ

ಆರ್ಡಿಸ್ ಟಾಲೆಫ್‌ಸನ್‌ಳ ಹಳೆಯ ಕಾರಿನ ನೆಲ ಹಿಮ ಕರಗಲೆಂದು ರಸ್ತೆಗೆ ಸುರಿಯುವ ಉಪ್ಪಿಗೆ ತುಕ್ಕು ಹಿಡಿದು ತೂತಾಗಿತ್ತು. ಆ ತೂತಿನ ಮೇಲೆ ಅವಳ ಗಂಡ ವರ್ಲಿನ್ ಬಿಸ್ಕತ್ತು ಬೇಯಿಸುವ ತಗಡಿನ ತಟ್ಟೆಯೊಂದನ್ನು ಹಾಸಿ, ಅದನ್ನು ರಿಪೇರಿ ಎಂದು ಕರೆದಿದ್ದ. ನವೆಂಬರಿನ ಮೊದಲ ಹಿಮ ಬಿದ್ದ ದಿನ ಎಂಜಿನ್ನೂ ಕೈಕೊಟ್ಟಿತು. ಹೊಸ ಕಾರು ತರಲೇಬೇಕಾಯಿತು.

ಟಾಲೆಫ್‌ಸನ್ ಮನೆಯಲ್ಲಿ ಕಾರು ಕೊಳ್ಳುವುದು ಗಂಡಸಿನ ಕೆಲಸ. ಮದುವೆಯಾದಾಗಿನಿಂದ ವರ್ಲಿನ್ ತಂದ ಕಾರುಗಳೆಲ್ಲ ನೆನೆದ ರಟ್ಟಿನ ಬಣ್ಣದವು. ಪ್ರತಿ ಸಲವೂ, ಮಾರುವವನು ಅಳುವಂತೆ ತಾನು ಹೇಗೆ ಮಾಡಿದೆ ಎಂಬ ಕಥೆ ಕಾರಿನ ಜೊತೆಗೇ ಮನೆಗೆ ಬರುತ್ತಿತ್ತು. ಈ ಸಲ ಮಾತ್ರ ಅವನು ಜಿಂಕೆ ಬೇಟೆಗೆಂದು ಮರದ ಮೇಲೆ ಕಟ್ಟಿಕೊಂಡ ಅಟ್ಟಣೆಯಿಂದ ಬಿದ್ದು, ಮುರಿದ ಕಾಲನ್ನು ಸೋಫಾದ ಮೇಲೆ ಚಾಚಿಕೊಂಡಿದ್ದ. ಬೀಳುವಾಗ ಎದುರಿಗೆ ಜಿಂಕೆ ಇರಲಿಲ್ಲ, ಅವನಿಗೆ ನಿದ್ದೆ ಹತ್ತಿತ್ತು ಎಂಬುದನ್ನು ಆರ್ಡಿಸ್ ಯಾರಿಗೂ ಹೇಳಿರಲಿಲ್ಲ. ಜೊತೆಗೆ, ಈ ಸಲ ಹಣವೂ ಅವಳದೇ. ತೀರಿಹೋದ ಚಿಕ್ಕಮ್ಮ ಅವಳ ಹೆಸರಿಗೆ ಬಿಟ್ಟ ಮೂವತ್ತೊಂದು ಸಾವಿರ ಡಾಲರು.

"ಮೂವತ್ತೊಂದರೊಳಗೆ ಬಂದ್ರೆ ನಿಂಗಿಷ್ಟ ಬಂದದ್ದು ತಗೋ," ಎಂದಿದ್ದ ವರ್ಲಿನ್. "ಅದರ ಮೇಲೆ ಹೋಯ್ತೋ, ಸಾಲ ಗೀಲ ಬೇಡ. ಡುವೇನ್ ಮಾರ್ತೀನಿ ಅಂತಿರೋ ವ್ಯಾನ್ ಇದ್ದೇ ಇದೆಯಲ್ಲ."

ಡುವೇನ್ ಅವನ ದೊಡ್ಡಪ್ಪನ ಮಗ. ಅವನ ಕಂದು ವ್ಯಾನಿನ ಹಿಂದಿನ ಸೀಟಿನಲ್ಲಿ ಒಮ್ಮೆ ಮೀನಿಗೆ ಹಾಕುವ ಎರೆಯ ಬಕೆಟ್ಟು ಮಗುಚಿತ್ತು. ಆ ಬೇಸಿಗೆಯನ್ನು ಸೀಟು ಇನ್ನೂ ಮರೆತಿರಲಿಲ್ಲ. ಆರ್ಡಿಸ್‌ಗೆ ಬೇಕಾಗಿದ್ದದ್ದು ಹೆದ್ದಾರಿ ಪಕ್ಕದ ಶೋರೂಮಿನ ಗಾಜಿನ ಹಿಂದೆ ನಿಂತಿದ್ದ ಕಡುನೀಲಿ ಕಾರು. ಅಲ್ಲಿ ಹಾದುಹೋಗುವಾಗಲೆಲ್ಲ ಅವಳು ವೇಗ ತಗ್ಗಿಸುತ್ತಿದ್ದಳು. ಹಿಂದಿನವರಿಗೆ ಅನುಮಾನ ಬಾರದಿರಲೆಂದು ರೇಡಿಯೊ ತಿರುಗಿಸುವಂತೆ ನಟಿಸುತ್ತಿದ್ದಳು.

ಶೋರೂಮಿಗೆ ಹೋಗುವ ಹಿಂದಿನ ಸಂಜೆ ಅಡುಗೆಮನೆಯಲ್ಲಿ ಚೌಕಾಸಿಯ ತಾಲೀಮು ನಡೆಯಿತು. ವರ್ಲಿನ್ ಊರುಗೋಲನ್ನು ಮೇಜಿನ ಮೇಲಿಟ್ಟು ಮಾರುವವನಾದ.

"ಮೇಡಂ, ಈ ಕಾರಿಗೆ ಐವತ್ತು ಸಾವಿರ."

"ಓ, ತುಂಬಾ ಥ್ಯಾಂಕ್ಸ್," ಎಂದಳು ಆರ್ಡಿಸ್.

"ಥ್ಯಾಂಕ್ಸ್ ಅಂತೆ! ಐವತ್ತು ಸಾವಿರ ಅಂದ್ರೆ ಥ್ಯಾಂಕ್ಸ್ ಹೇಳ್ತಾರೇನೆ? ಎದ್ದು ಹೊರಟುಬಿಡಬೇಕು. ನಡಿ, ಎದ್ದು ಹೋಗು ನೋಡೋಣ."

ಅವಳು ಎದ್ದು ಬಾಗಿಲವರೆಗೆ ಹೋದಳು. ಕುರ್ಚಿಯನ್ನು ಮೇಜಿನೊಳಕ್ಕೆ ಸರಿಸದೆ ಬಂದದ್ದು ನೆನಪಾಗಿ ವಾಪಸು ಬಂದಳು.

"ಮುಗೀತು ಕಥೆ," ಎಂದ ವರ್ಲಿನ್. "ಡುವೇನ್‌ಗೆ ಫೋನ್ ಮಾಡಿಬಿಡ್ತೀನಿ, ವ್ಯಾನ್ ತೊಳೆದಿಟ್ಟಿರ್ಲಿ."

ಚರ್ಚಿನ ಹೊಲಿಗೆ ಗುಂಪಿನ ಹೆಂಗಸರೂ ತಮ್ಮ ತಮ್ಮ ವಿದ್ಯೆ ಧಾರೆಯೆರೆದಿದ್ದರು. ಹಳೆಯ ಕೋಟು ಹಾಕಿಕೊಂಡು ಹೋಗು. ಒಳ್ಳೆಯ ಕೋಟು ಹಾಕಿಕೊಂಡು ಹೋಗು. ಕಾರು ಇಷ್ಟವಾಯಿತೆಂದು ತೋರಿಸಬೇಡ. ಅಳು ಬಂದರೆ ತಡೆಯಬೇಡ. ಇದೆಲ್ಲವನ್ನೂ ಒಟ್ಟಿಗೆ ಪಾಲಿಸಲು ಹೋಗಿ ಆರ್ಡಿಸ್ ಮರುದಿನ ಬೆಳಿಗ್ಗೆ ಒಳ್ಳೆಯ ಕೋಟಿನ ಮೇಲೆ ಹಳೆಯ ಶಾಲು ಹೊದ್ದು, ಸಾವಿನ ಮನೆಗೆ ಹೊರಟವಳ ಮುಖ ಮಾಡಿಕೊಂಡು ಶೋರೂಮಿನ ಬಾಗಿಲು ತಳ್ಳಿದಳು.

ಮಾರುವವನ ಹೆಸರು ಡಾಂಟೆ ಸ್ಕಾರ್ಪೆಲ್ಲಿ. ನ್ಯೂಜೆರ್ಸಿಯಲ್ಲಿ ಇಪ್ಪತ್ತು ವರ್ಷ ಕಾರು ಮಾರಿ, ಹೆಂಡತಿಯ ತವರೂರೆಂದು ಎರಡು ತಿಂಗಳ ಹಿಂದೆ ಮಿನ್ನೆಸೋಟಕ್ಕೆ ಬಂದವನು. ಅವನಿಗೆ ಗೊತ್ತಿದ್ದ ಗಿರಾಕಿಗಳು ಕೂಗುತ್ತಿದ್ದರು, ಮೇಜು ಗುದ್ದುತ್ತಿದ್ದರು, ಅವನ ತಾಯಿಯ ವಿಷಯ ಎತ್ತುತ್ತಿದ್ದರು. ಅಂಥವರ ಜೊತೆ ವ್ಯವಹಾರ ಮಾಡುವುದು ಅವನಿಗೆ ಉಸಿರಾಡಿದಷ್ಟು ಸಲೀಸು.

"ಕೂತ್ಕೊಳ್ಳಿ ಮೇಡಂ. ಬಣ್ಣ ನೋಡಿ ಹೆಂಗಿದೆ! ಹೇಳಿ ಮಾಡಿಸಿದ ಹಾಗಿದೆ ನಿಮಗೆ."

"ಏನೋ, ಪರವಾಗಿಲ್ಲ," ಎಂದಳು ಆರ್ಡಿಸ್. ಅವಳು ಮೊಮ್ಮಗುವನ್ನು ಮೊದಲ ಸಲ ನೋಡಿದಾಗಲೂ ಇದನ್ನೇ ಹೇಳಿದ್ದಳು.

ಸ್ಕಾರ್ಪೆಲ್ಲಿ ಅವಳನ್ನು ಇನ್ನೊಮ್ಮೆ ನೋಡಿದ. "ಸರಿ, ಸುತ್ತಿ ಬಳಸಿ ಮಾತಾಡೋದು ಬೇಡ. ತೆರಿಗೆ, ನಂಬರ್ ಪ್ಲೇಟು ಎಲ್ಲಾ ಸೇರಿ ಮೂವತ್ತನಾಲ್ಕು ಸಾವಿರಕ್ಕೆ ಕೊಡ್ತೀನಿ. ಏನಂತೀರ?"

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಮಿನ್ನೆಸೋಟದ ಕಡೆ ಯಾರಾದರೂ ಏನನ್ನಾದರೂ ಕೊಡುತ್ತೇನೆಂದರೆ ಮೊದಲ ಸಲ ಬೇಡವೆನ್ನಬೇಕು. ಅದು ಕಾಫಿಯಾಗಲಿ, ಮನೆವರೆಗೆ ಬಿಡುತ್ತೇನೆಂಬ ಮಾತಾಗಲಿ, ಮೂತ್ರಪಿಂಡವಾಗಲಿ. ಎರಡನೆಯ ಸಲವೂ ಬೇಡ, ಇನ್ನಷ್ಟು ಮೆತ್ತಗೆ. ಮೂರನೆಯ ಸಲ ಕೇಳಿದರೆ ಅವರಿಗೆ ನಿಜವಾಗಿ ಕೊಡುವ ಮನಸ್ಸಿದೆಯೆಂದು ಅರ್ಥ. ಆಗ ಒಪ್ಪಿಕೊಳ್ಳಬೇಕು, ಒಪ್ಪದಿದ್ದರೆ ಅವಮಾನ ಮಾಡಿದಂತೆ. ಮೊದಲ ಸಲಕ್ಕೇ ಕಾಫಿ ಲೋಟಕ್ಕೆ ಕೈಚಾಚಿದ ಸೊಸೆಯೊಬ್ಬಳ ಬಗ್ಗೆ ಊರಿನಲ್ಲಿ ಈಗಲೂ ಪಿಸುಮಾತಿದೆ. ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ, ಆದ್ದರಿಂದ ನ್ಯೂಜೆರ್ಸಿಯವರಿಗೆ ಗೊತ್ತಾಗುವ ದಾರಿಯೂ ಇಲ್ಲ.

ತನ್ನ ಬಳಿ ಅಷ್ಟು ಹಣವಿಲ್ಲ ಎನ್ನಲು ಆರ್ಡಿಸ್‌ಗೆ ಬಾಯಿ ಬರಲಿಲ್ಲ. ಬೆಲೆ ಹೆಚ್ಚಾಯಿತೆಂದರೆ ಎದುರಿಗಿದ್ದವನಿಗೆ ನೋವಾದೀತು. ಅಭ್ಯಾಸಬಲದಿಂದ ಬಾಯಿಗೆ ಬಂದದ್ದು ಒಂದೇ.

"ಅಯ್ಯೋ ಬೇಡ ಬಿಡಿ, ನಿಮಗ್ಯಾಕೆ ಸುಮ್ನೆ ತೊಂದ್ರೆ."

"ತೊಂದ್ರೆನಾ?"

"ಕೆರೆ ಇನ್ನೂ ಪೂರ್ತಿ ಹೆಪ್ಪುಗಟ್ಟಿಲ್ಲ ಅಂತಾರಪ್ಪ," ಎಂದು ಆರ್ಡಿಸ್ ಕಿಟಕಿಯ ಹೊರಗೆ ನೋಡುತ್ತ ಕುಳಿತಳು.

ಸ್ಕಾರ್ಪೆಲ್ಲಿ ಕಾದ. ಅವನ ಊರಿನಲ್ಲಿ ಮೌನವನ್ನು ಯಾರೂ ಹೆಚ್ಚು ಹೊತ್ತು ಸಹಿಸುವುದಿಲ್ಲ. ಅವಳ ಊರಿನಲ್ಲಿ ಗಂಡ ಹೆಂಡಿರು ಅದನ್ನು ನಂಬಿಯೇ ಸಂಸಾರ ನಡೆಸುತ್ತಾರೆ. ಅವನೇ ಮೊದಲು ಎದ್ದ. "ಒಂದ್ನಿಮಿಷ ಮೇಡಂ, ಮ್ಯಾನೇಜರ್ ಹತ್ರ ಮಾತಾಡಿ ಬರ್ತೀನಿ."

ಮ್ಯಾನೇಜರ್ ಇದ್ದದ್ದು ಗಾಜಿನ ಕೋಣೆಯಲ್ಲಿ. ಮಾರುವವನು ಒಳಗೆ ಹೋಗಿ ಗಿರಾಕಿಗಾಗಿ ಹೊಡೆದಾಡಿದಂತೆ ಕೈ ಬೀಸುವುದು, ಹೊರಗೆ ಕುಳಿತವರು ಅದನ್ನು ನೋಡಿ ಕರಗುವುದು ಆ ವೃತ್ತಿಯ ಪದ್ಧತಿ. ಒಳಗೆ ಸಾಮಾನ್ಯವಾಗಿ ಹಾಕಿ ಪಂದ್ಯದ ಮಾತು ನಡೆಯುತ್ತದೆ. ಆರ್ಡಿಸ್‌ಗೆ ಇದು ಗೊತ್ತಿರಲಿಲ್ಲ. ಗಾಜಿನಾಚೆ ಮ್ಯಾನೇಜರ್ ಬೆರಳು ಆಡಿಸಿದ್ದನ್ನು ಕಂಡು ಅವಳು ಕುರ್ಚಿಯ ಅಂಚಿಗೆ ಸರಿದಳು. ಪಾಪ, ತನ್ನಿಂದಾಗಿ ಆ ಮನುಷ್ಯನ ಕೆಲಸಕ್ಕೇ ಕುತ್ತು ಬಂತಲ್ಲ.

ಸ್ಕಾರ್ಪೆಲ್ಲಿ ಹಣೆ ಒರೆಸಿಕೊಳ್ಳುತ್ತ ಬಂದ. ಬೆವರು ಆಗಿನ್ನೂ ನಾಟಕದ್ದು. "ಬಹಳ ಕಷ್ಟಪಟ್ಟೆ ಮೇಡಂ. ಮೂವತ್ತೆರಡೂವರೆ."

ಎರಡನೆಯ ಸಲ. ಇನ್ನಷ್ಟು ಮೆತ್ತಗೆ. ಆರ್ಡಿಸ್ ಮುಂದಕ್ಕೆ ಬಾಗಿದಳು. ಅವಳ ಕಣ್ಣು ನಿಜವಾಗಿಯೂ ತುಂಬಿ ಬಂದಿತ್ತು.

"ಬೇಡಪ್ಪ. ನಿಮಗೂ ಹೆಂಡ್ತಿ ಮಕ್ಕಳು ಇರ್ತಾರೆ. ನನ್ನಿಂದ ಅವರಿಗೆ ಏನೂ ಆಗಬಾರ್ದು."

ಸ್ಕಾರ್ಪೆಲ್ಲಿಯ ಮುಖದಿಂದ ನಗು ಇಳಿದುಹೋಯಿತು. ನ್ಯೂಜೆರ್ಸಿಯಲ್ಲಿ ಈ ಮಾತನ್ನು ಅವನು ಒಂದೇ ಒಂದು ಸಲ ಕೇಳಿದ್ದ. ಅದನ್ನು ಹೇಳಿದವನ ಜೊತೆ ಇಬ್ಬರು ದಾಂಡಿಗರಿದ್ದರು.

ಅವನು ಗಾಜಿನ ಕೋಣೆಗೆ ಮರಳಿದಾಗ ಕೈ ಬೀಸಲಿಲ್ಲ. "ಯಾರ್ರೀ ಆಯಮ್ಮ?" ಎಂದು ಕೇಳಿದ. "ನಗ್ತಾ ನಗ್ತಾನೇ ಕುತ್ತಿಗೆಗೆ ಬರ್ತಿದ್ದಾಳೆ. ಬೆಲೆ ಹೇಳಿದ್ರೆ ಕೆರೆ ವಿಷಯ ತೆಗೀತಾಳೆ. ನನ್ನ ಮಕ್ಕಳ ವಿಷಯ ತೆಗೀತಾಳೆ!"

ಮ್ಯಾನೇಜರ್ ಗಾಜಿನ ಮೂಲಕ ನೋಡಿದ. ಆರ್ಡಿಸ್ ಅವನಿಗೂ ತೊಂದರೆ ಕೊಟ್ಟೆನಲ್ಲ ಎಂದು ಕೈಯೆತ್ತಿ ಸಣ್ಣಗೆ ಆಡಿಸಿದಳು.

"ತಿಂಗಳ ಕೊನೆ ಬೇರೆ," ಎಂದ ಮ್ಯಾನೇಜರ್. "ಎಷ್ಟಕ್ಕಾದ್ರೂ ಕೊಟ್ಟು ಕಳಿಸಿ ಅತ್ಲಾಗೆ."

"ಮೂವತ್ತು ಸಾವಿರದ ಎಂಟುನೂರು," ಎಂದು ಸ್ಕಾರ್ಪೆಲ್ಲಿ ಮೇಜಿಗೆ ಬಂದು ಹೇಳಿದ. "ಎಲ್ಲಾ ಸೇರಿ. ಇದರ ಕೆಳಗೆ ಇಳಿದ್ರೆ ನಾನು ಊರಿಗೆ ವಾಪಸ್ ಹೋಗಬೇಕಾಗತ್ತೆ ಮೇಡಂ."

ಮೂರನೆಯ ಸಲ.

"ನೀವು ಇಷ್ಟು ಹೇಳೋವಾಗ," ಎಂದಳು ಆರ್ಡಿಸ್, "ಇಲ್ಲ ಅನ್ನೋದು ಹೇಗೆ? ಆಗಲಿ."

ಕೈ ಕುಲುಕುವಾಗ ಅವನ ಅಂಗೈ ಒದ್ದೆಯಾಗಿತ್ತು. ಆ ಬೆವರು ನಾಟಕದ್ದಲ್ಲ.

ಕಾರು ಸಿಕ್ಕಿತು ಎಂದುಕೊಂಡವಳನ್ನು ಸ್ಕಾರ್ಪೆಲ್ಲಿ ಇನ್ನೊಂದು ಕೋಣೆಗೆ ಕರೆದೊಯ್ದು ಬಿಟ್ಟ. ಸಹಿ ಹಾಕುವ ಕೋಣೆ. ಹೊರಗೆ ಕಳೆದುಕೊಂಡದ್ದನ್ನು ಶೋರೂಮಿನವರು ಈ ಕೋಣೆಯಲ್ಲಿ ವಾಪಸು ಪಡೆಯುತ್ತಾರೆ. ಅಲ್ಲಿ ಕುಳಿತಿದ್ದವನು ಕರ್ಟಿಸ್ ನೈಗಾರ್ಡ್, ಅದೇ ಊರಿನ ಮಣ್ಣು. ಅವನ ತಾಯಿ ಚರ್ಚಿನಲ್ಲಿ ಆರ್ಡಿಸ್‌ಳ ಹಿಂದಿನ ಬೆಂಚಿನವಳು.

"ಬನ್ನಿ ಆರ್ಡಿಸ್, ಬನ್ನಿ. ಕಾಫಿ?"

"ಬೇಡ, ಬೇಡ."

"ಸ್ವಲ್ಪ?"

"ಈಗ ತಾನೇ ಕುಡಿದೆ."

"ಅರ್ಧ ಕಪ್ಪು?"

"ಹಾಗಾದ್ರೆ ಒಂದು ಗುಟುಕು ಕೊಡಿ."

ಕಪ್ಪು ಅವಳ ಕೈಗೆ ಬಂದಾಗಲೇ ಆರ್ಡಿಸ್‌ಗೆ ಅಪಾಯದ ವಾಸನೆ ಹತ್ತಿತು. ಈತನಿಗೆ ಎಣಿಸಲು ಬರುತ್ತದೆ.

ಕರ್ಟಿಸ್ ಕಾಗದಗಳನ್ನು ಹರಡಿದ. ವರ್ಲಿನ್‌ನ ಕಾಲು ವಿಚಾರಿಸಿದ. ಜಿಂಕೆ ಎಷ್ಟು ದೊಡ್ಡದಿತ್ತೆಂದು ಕೇಳಿದ. ಆಮೇಲೆ ಮಗುವಿಗೆ ಕುಲಾವಿ ತೊಡಿಸುವವನ ನಯದಲ್ಲಿ ಶುರುಮಾಡಿದ. "ಇದೊಂದು ರಕ್ಷಣೆ ಯೋಜನೆ ಇದೆ. ತುಕ್ಕು, ಸೀಟಿನ ಕಲೆ, ರಿಪೇರಿ, ಎಲ್ಲಾ ನಾವೇ ನೋಡ್ಕೊಳ್ತೀವಿ. ಎರಡು ಸಾವಿರದ ಒಂಬೈನೂರು ಅಷ್ಟೆ. ಸೇರಿಸಿಬಿಡ್ಲಾ?"

"ಬೇಡ ಕರ್ಟಿಸ್, ಅಷ್ಟೆಲ್ಲಾ ಯಾಕೆ."

"ಹೋದ ಕಾರಿನ ಪಾಡು ನೋಡಿದೀನಿ ನಾನು. ಬಿಸ್ಕತ್ತಿನ ತಟ್ಟೆ ಇತ್ತಂತೆ ಅಡಿಯಲ್ಲಿ."

"ಹ್ಞೂಂ... ಇರ್ಲಿ ಬಿಡಿ. ನಮಗೆ ಅಂಥದ್ದೆಲ್ಲ ಅಭ್ಯಾಸ ಇಲ್ಲ."

ಕರ್ಟಿಸ್ ಅವಸರ ಮಾಡಲಿಲ್ಲ. ಪೆನ್ನಿನ ಮುಚ್ಚಳ ತೆಗೆದ. ತಲೆಯನ್ನು ಸ್ವಲ್ಪ ಓರೆ ಮಾಡಿದ. ಅವನ ತಾಯಿ ಕೊನೆಯ ತುಂಡು ಕೇಕನ್ನು ಮುಂದೊಡ್ಡುವಾಗ ಹಾಗೇ ಮಾಡುತ್ತಿದ್ದಳು.

"ಆರ್ಡಿಸ್. ನಮ್ಮವರು ಅಂತ ಕೇಳ್ತಾ ಇದೀನಿ. ತಗೊಳ್ಳಿ."

ಆರ್ಡಿಸ್‌ಳ ಗಂಟಲಿನಲ್ಲಿ ಒಪ್ಪಿಗೆ ಮೇಲೇರತೊಡಗಿತು. ಅದರ ಹಿಂದೆಯೇ ಡುವೇನ್‌ನ ವ್ಯಾನು ಬರುತ್ತಿರುವುದು ಅವಳಿಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಬೇಡ ಎಂದರೆ ಭಾನುವಾರ ಹಿಂದಿನ ಬೆಂಚಿನಿಂದ ಒಂದು ನಿಟ್ಟುಸಿರು ಅವಳ ಕತ್ತಿಗೆ ತಾಗುತ್ತದೆ. ಬೇಕು ಎಂದರೆ ಇನ್ನು ಹತ್ತು ವರ್ಷ ಎರೆಯ ವಾಸನೆ. ಐವತ್ತೆಂಟು ವರ್ಷದಲ್ಲಿ ಅವಳು ಮೂರನೆಯ ಸಲಕ್ಕೆ ಇಲ್ಲವೆಂದವಳಲ್ಲ. ಮದುವೆಗೆ ಒಪ್ಪಿದ್ದೂ ಹಾಗೆಯೇ. ಬಾಯಿ ತೆರೆಯಿತು. ಹೆದರಿಕೆಗೆ ಅವಳ ಎರಡು ಕೈಗಳೂ ಮೇಲೆದ್ದು ಟಪ್ಪೆಂದು ಮೊಣಕಾಲುಗಳ ಮೇಲೆ ಬಿದ್ದವು.

"ಹಾಗಾದ್ರೆ ನಾನಿನ್ನು ಹೊರಡ್ತೀನಿ," ಎಂದಿತು ಅವಳ ಬಾಯಿ.

ಕರ್ಟಿಸ್ ಎದ್ದು ನಿಂತ. ಅವನು ಏಳಬೇಕೆಂದು ಯೋಚಿಸಿ ಎದ್ದದ್ದಲ್ಲ. ನಮ್ಮ ಕಡೆ ಬಂದವರು ಎರಡು ಮೊಣಕಾಲು ತಟ್ಟಿ ಹೊರಡುತ್ತೇನೆಂದರೆ ಮನೆಯವರು ಏಳಲೇಬೇಕು. ಆಮೇಲೆ ಅವರನ್ನು ಕೂರಿಸುವಂತಿಲ್ಲ, ಏನನ್ನೂ ಮುಂದೊಡ್ಡುವಂತಿಲ್ಲ. ಅವನ ಕಾಲುಗಳು ಅವನ ತಾಯಿ ಬೆಳೆಸಿದ ಕಾಲುಗಳು. ತಾನು ನಿಂತಿದ್ದೇನೆಂದು ಅವನಿಗೆ ತಿಳಿಯುವಷ್ಟರಲ್ಲಿ ಆರ್ಡಿಸ್ ಬಾಗಿಲು ತಲುಪಿದ್ದಳು. ಅವನೂ ಪೆನ್ನು, ಕಾಗದ ಹಿಡಿದುಕೊಂಡು ಹಿಂದೆಯೇ ಬಂದಿದ್ದ.

"ಆ ಯೋಜನೆ..." ಎಂದ.

"ಅಮ್ಮನ ಮಂಡಿ ನೋವು ಹೇಗಿದೆ?" ಎಂದಳು ಆರ್ಡಿಸ್.

ಬಾಗಿಲಲ್ಲಿ ನಿಂತು ವ್ಯಾಪಾರದ ಮಾತಾಡಿದವರು ನಮ್ಮ ಊರಿನಲ್ಲಿಲ್ಲ. ಬಾಗಿಲಿರುವುದು ಮಂಡಿ ನೋವಿಗೆ, ರಸ್ತೆಯ ಹಿಮಕ್ಕೆ, ಸತ್ತವರಿಗೆ ಮತ್ತು ಬಸುರಿಯರಿಗೆ. ಕರ್ಟಿಸ್ ಬಾಯಿ ಮುಚ್ಚಿ, ತೆರೆದು, ಮಂಡಿಯ ಕಥೆ ಹೇಳಿದ. ಅದು ಮುಗಿದ ಮೇಲೆ ಅವನ ಅತ್ತಿಗೆಯ ಹೆರಿಗೆಯ ಕಥೆ ಹೇಳಿದ. ಅಷ್ಟರಲ್ಲಿ ಆರ್ಡಿಸ್ ಬಾಗಿಲ ಪಕ್ಕದ ಕಪಾಟಿನ ಮೇಲೆ ಕಾಗದಗಳನ್ನು ಒಂದೊಂದಾಗಿ ಇಟ್ಟು, ಓದಿ, ಸಹಿ ಹಾಕಿ, ಚಿಕ್ಕಮ್ಮನ ಹಣದ ಚೆಕ್ಕನ್ನು ಮೇಲಿಟ್ಟಳು. ರಕ್ಷಣೆ ಯೋಜನೆಯ ಹಾಳೆ ಅವನ ಕೈಯಲ್ಲೇ ಉಳಿಯಿತು. ಅದನ್ನು ಅವನು ಹೆರಿಗೆಯ ಕಥೆಗೆ ಅಭಿನಯವಾಗಿ ಬೀಸುತ್ತಿದ್ದ.

"ದಾರೀಲಿ ಜಿಂಕೆ ಅಡ್ಡ ಬರ್ತಾವೆ, ಹುಷಾರು," ಎಂದ ಕೊನೆಗೆ, ಸೋತ ಸ್ವರದಲ್ಲಿ.

ಮನೆಯ ಮುಂದೆ ಆರ್ಡಿಸ್ ಎಂಜಿನ್ ಆರಿಸಲಿಲ್ಲ. ಸೀಟು ಬೆಚ್ಚಗಾಗುತ್ತಿತ್ತು. ಹೊಸ ಕಾರಿನ ವಾಸನೆಯನ್ನು ಅವಳು ಕದ್ದು ತಿನ್ನುವವಳಂತೆ ಸ್ವಲ್ಪ ಸ್ವಲ್ಪವೇ ಒಳಗೆಳೆದುಕೊಂಡಳು. ವರ್ಲಿನ್ ಊರುಗೋಲು ಊರುತ್ತ ಹಿಮದಲ್ಲಿ ಬಂದು ಗಾಜು ತಟ್ಟಿದ.

"ಎಷ್ಟಾಯ್ತು?"

"ಅಂಥಾ ಮೋಸವೇನಾಗ್ಲಿಲ್ಲ."

ನಮ್ಮಲ್ಲಿ ಇದಕ್ಕಿಂತ ದೊಡ್ಡ ಜಂಬ ಕೊಚ್ಚುವಂತಿಲ್ಲ. ಆದರೆ ವರ್ಲಿನ್ ತನ್ನ ಹೆಂಡತಿಯ ಬಾಯಲ್ಲಿ ಜಂಬವನ್ನು ಕೇಳಿದವನಲ್ಲ. ಅವನು ಕನಿಕರದಿಂದ ತಲೆಯಾಡಿಸಿದ. "ಹೋಗ್ಲಿ ಬಿಡು. ಎಷ್ಟು ಮೇಲಾಯ್ತು ಹೇಳು, ಬೈಯಲ್ಲ. ಡುವೇನ್‌ಗೆ ಹೇಳಿದೀನಿ, ನಾಳೆ ತರ್ತಾನೆ. ಇದನ್ನ ವಾಪಸ್ ಕೊಡೋಣ, ನಾನೇ ಮಾತಾಡ್ತೀನಿ."

ಆರ್ಡಿಸ್ ರಸೀದಿಯನ್ನು ಗಾಜಿಗೆ ಒತ್ತಿ ಹಿಡಿದಳು. ವರ್ಲಿನ್ ಕನ್ನಡಕ ಸರಿಮಾಡಿಕೊಂಡು ಓದಿದ. ಇನ್ನೊಮ್ಮೆ ಓದಿದ. ಹಿಮ ಅವನ ಟೋಪಿಯ ಮೇಲೆ ಕೂರುತ್ತಿತ್ತು.

"ಹೇಗೆ ಮಾಡಿದೆಯೇ ಇದನ್ನ?"

"ಏನೂ ಮಾಡ್ಲಿಲ್ಲಪ್ಪ. ಮರ್ಯಾದೆಯಿಂದ ಮಾತಾಡಿದೆ."

ಅವನು ಸ್ವಲ್ಪ ಹೊತ್ತು ಬಾನೆಟ್ಟಿನ ಬಣ್ಣ ನೋಡಿದ. "ಸರಿ, ಸರ್ಕೋ. ಒಂದು ಸುತ್ತು ಹೊಡೆಸಿ ನೋಡ್ತೀನಿ, ಬ್ರೇಕು ಗೀಕು ಹೇಗಿದೆ ಅಂತ."

"ನಿನ್ನ ಕಾಲು ಪ್ಲಾಸ್ಟರ್‌ನಲ್ಲಿದೆ ವರ್ಲಿನ್. ಆ ಕಡೆಯಿಂದ ಬಂದು ಕೂತ್ಕೋ. ಬೂಟು ಕೊಡವಿ ಬಾ."

ಅವನು ಕಾರಿನ ಮುಂದಿನಿಂದ ಸುತ್ತಿ ಬಂದು, ಊರುಗೋಲನ್ನು ಎಲ್ಲಿಡುವುದೆಂದು ತಿಳಿಯದೆ ತೊಡೆಯ ಮೇಲಿಟ್ಟುಕೊಂಡು, ಪಕ್ಕದ ಸೀಟಿನಲ್ಲಿ ಕುಳಿತ. ಮೊದಲ ತಿರುವು ಬರುವ ಮೊದಲೇ ಅವನ ಒಳ್ಳೆಯ ಕಾಲು ಇಲ್ಲದ ಬ್ರೇಕನ್ನು ತುಳಿಯತೊಡಗಿತು. ಆರ್ಡಿಸ್ ಅದನ್ನು ನೋಡಿಯೂ ನೋಡದವಳಂತೆ ವೇಗ ಕೊಂಚ ಹೆಚ್ಚಿಸಿದಳು.