ಸೊಪ್ಪು ಕೊಯ್ದ ಕೈಗೆ ಜೊಳ್ಳು

ಅಕ್ಕಯ್ಯಮ್ಮನ ಸೊಂಟದಲ್ಲಿ ಬೀಗದ ಕೈ ಗೊಂಚಲು ಸದ್ದು ಮಾಡಿತೆಂದರೆ ಮನೆಯ ಬೆಕ್ಕು ಕೂಡ ಎದ್ದು ಜಾಗ ಬಿಡುತ್ತಿತ್ತು. ಶಿಡ್ಲಘಟ್ಟದ ಪಕ್ಕದ ಆ ಹಳ್ಳಿಗೆಲ್ಲ ಗೊತ್ತಿದ್ದ ಸದ್ದು ಅದು. ಉಪ್ಪು, ಸೀಮೆಎಣ್ಣೆ, ತಲೆಗೆ ಹಚ್ಚುವ ಹರಳೆಣ್ಣೆ, ಯಾವುದಕ್ಕೂ ಅವಳನ್ನೇ ಕೇಳಬೇಕು. ಮಗ ಚನ್ನಕೇಶವ ಮೂವತ್ತು ದಾಟಿದ ಗಂಡಸು, ಬೀಡಿಗೂ ಅಮ್ಮನ ಮುಂದೆ ಕೈಯೊಡ್ಡುತ್ತಿದ್ದ. ಸೊಸೆ ಆದಿಲಕ್ಷ್ಮಮ್ಮ ಯಾರನ್ನೂ ಕೇಳದೆ ಮುಟ್ಟಬಹುದಾದ ದುಡ್ಡು ಒಂದೇ. ಜೊಳ್ಳು ಗೂಡಿನ ದುಡ್ಡು.

ರೇಷ್ಮೆ ಹುಳ ಸಾಕುವ ಆ ಮನೆಯಲ್ಲಿ ಹಿಂದಿನಿಂದ ನಡೆದುಬಂದ ಪದ್ಧತಿ ಅದು. ಗಟ್ಟಿ ಗೂಡು ಮನೆಗೆ. ಒತ್ತಿದರೆ ತಗ್ಗುವ, ಕಲೆ ಬಿದ್ದ ಜೊಳ್ಳು ಸೊಸೆಗೆ. ಹೊತ್ತು ಮೂಡುವ ಮುಂಚೆ ತೋಟಕ್ಕೆ ಹೋಗಿ ಹುಳಕ್ಕೆ ಸೊಪ್ಪು ತರುವವಳು ಅವಳೇ ತಾನೆ? "ಸೊಪ್ಪು ಕೊಯ್ದ ಕೈಗೆ ಜೊಳ್ಳು" ಎಂಬ ಮಾತು ಅಕ್ಕಯ್ಯಮ್ಮನ ಅತ್ತೆಯ ಕಾಲದ್ದು. ಅಕ್ಕಯ್ಯಮ್ಮನ ಕಿವಿಯ ಓಲೆಯೂ ಜೊಳ್ಳಿನ ದುಡ್ಡಿನಲ್ಲೇ ಆದದ್ದು.

ಹೊಸ ಪೈಸೆ ಬಂದ ವರ್ಷ. ಆದಿಲಕ್ಷ್ಮಮ್ಮ ಹಿಂದಿನ ಬೆಳೆಗಳ ಜೊಳ್ಳಿನ ದುಡ್ಡನ್ನು ಒಣಮೆಣಸಿನಕಾಯಿ ಗಡಿಗೆಯಲ್ಲಿ ಬಚ್ಚಿಟ್ಟಿದ್ದಳು. ಪಕ್ಕದ ಮನೆಯ ಕೊಂಡಮ್ಮ ಕೇಳಿ ನಕ್ಕಳು.

"ಗಡಿಗೇಲಿ ದುಡ್ಡು ಮರಿ ಹಾಕ್ತೈತೇನೇ? ಕುರಿ ತಗೋಳೇ. ಮೇಯ್ತೈತೆ, ಬೆಳೀತೈತೆ, ಈಯ್ತೈತೆ."

ಕುರಿ ಕಾಯುವ ಕೋನಪ್ಪ ಒಂದು ಹೆಣ್ಣು ಮರಿ ತೋರಿಸಿ, ಈ ಬೆಳೆ ಮಾರುವ ತನಕ ಇಟ್ಟುಕೊಂಡಿರುತ್ತೇನೆ ಅಂದ. ಈ ಸಲದ ಜೊಳ್ಳೂ ಕೈಸೇರಿದರೆ ಮರಿ ಅವಳದು.

ಆದರೆ ಕೊಂಡಮ್ಮನ ಬಾಯಿ ಒಂದು ಕಡೆ ನಿಲ್ಲುವ ಬಾಯಲ್ಲ. ಗೂಡು ಬಿಡಿಸುವ ದಿನ ಅಕ್ಕಯ್ಯಮ್ಮ ಸೊಸೆಯ ಎದುರು ಬಂದು ಕೂತಳು.

"ಕುರಿ ಕಟ್ತೀಯಂತೆ?"

"ಕಟ್ಟಣ ಅಂತ, ಅತ್ತಮ್ಮ. ಹಿತ್ತಲಲ್ಲಿ."

"ಹಿತ್ತಲು ನಿಮ್ಮಪ್ಪ ಬರೆದುಕೊಟ್ಟಿದ್ದಾ? ಇವತ್ತು ಕುರಿ, ನಾಳೆ ಹಸ, ನಾಡಿದ್ದು ಬೇರೆ ಒಲೆ. ಒಂದು ಮನೇಲಿ ಎರಡು ಗಂಟು ಬೇಡ ಕಣೇ. ಏಳು ಅಲ್ಲಿಂದ. ಗೂಡು ನಾನೇ ಆರಿಸ್ತೀನಿ."

ಆರಿಸುವುದೇನು ಬಂತು! ಜೊಳ್ಳನ್ನೆಲ್ಲ ಬಿದಿರು ಮಂಕರಿಯ ತಳಕ್ಕೆ ಸುರಿದು, ಮೇಲೆ ಹಳದಿ ಗಟ್ಟಿ ಗೂಡು ಹರಡಿದಳು.

"ಬಾಷಾ ಸಾಬ್ರು ಕೈ ಹಾಕಿದ್ರೆ?" ಅಂದಳು ಸೊಸೆ.

"ನಿಮ್ಮ ಮಾವ ಇದ್ದಾಗಿಂದ ಈ ಮನೆ ಮಂಕರೀಗೆ ಯಾವನೂ ಕೈ ಹಾಕಿಲ್ಲ. ಬಾಯಿ ಮುಚ್ಚು."

ಅದೂ ನಿಜವೇ. ಗೂಡು ಕೊಳ್ಳುವ ಬಾಷಾ ಸಾಬರು ಬೇರೆ ಮನೆಗಳಲ್ಲಿ ಮೊಣಕೈವರೆಗೂ ಕೈ ಇಳಿಸಿ, ತಳದ ಗೂಡು ಹಿಸುಕಿ ನೋಡಿಯೇ ದರ ಹೇಳುವವರು. ಈ ಜಗಲಿಯ ಮೇಲೆ ಮಾತ್ರ ಮಜ್ಜಿಗೆ ಕುಡಿದು ಸುಮ್ಮನೆ ತೂಗಿಸಿಬಿಡುತ್ತಿದ್ದರು.

ಮಧ್ಯಾಹ್ನ ಬಂದರು. ಮಜ್ಜಿಗೆ ಆಯಿತು. ಚನ್ನಕೇಶವ ತಕ್ಕಡಿ ಎತ್ತಿದ. ಸಾಬರು ಸುತ್ತ ನೋಡಿದರು.

"ಸೊಸೇದು ಜೊಳ್ಳು ಎಲ್ಲಿ ಅಮ್ಮಾ?"

"ಈ ಸಲ ಜೊಳ್ಳೇ ಬಿದ್ದಿಲ್ಲ ಸಾಬ್ರೇ. ಬೆಳೆ ಅಂಗೆ ಬಂದೈತೆ."

ಬಾಗಿಲ ಸಂದಿಯಲ್ಲಿ ನಿಂತಿದ್ದ ಆದಿಲಕ್ಷ್ಮಮ್ಮ ಜಗಲಿಗೇ ಬಂದಳು. "ಕೈ ಹಾಕಿ ನೋಡಿ ಸಾಬ್ರೇ."

ಚನ್ನಕೇಶವ ತಕ್ಕಡಿ ಕೆಳಗಿಟ್ಟ. "ಒಳಗೋಗೇ!" ಅಂದ.

"ಅರೇ, ಈ ಮನೇಲಿ ನಾನು ಕೈ ಹಾಕಬೇಕಾ?" ಸಾಬರು ಅಕ್ಕಯ್ಯಮ್ಮನ ಮುಖ ನೋಡಿದರು. ಆ ಮುಖ ಕೊಟ್ಟಿಗೆಯ ಕಡೆಗೆ ತಿರುಗಿತ್ತು. ಅವರು ಅಂಗಿಯ ತೋಳು ಮಡಿಸಿ ಮಂಕರಿಗೆ ಕೈ ಇಳಿಸಿದರು. ಮುಷ್ಟಿ ಬಿಚ್ಚಿದಾಗ ಅಂಗೈ ತುಂಬ ಚಪ್ಪಟೆ ಗೂಡು.

ಅವರು ಕೂಗಾಡಲಿಲ್ಲ. ಮಜ್ಜಿಗೆ ಲೋಟವನ್ನು ಮಗುಚಿಟ್ಟರು. "ಇನ್ಮೇಲೆ ಇಲ್ಲೂ ಕೈ ಹಾಕ್ತೀನಿ ಅಮ್ಮಾ. ಮಜ್ಜಿಗೆ ಬೇಡ."

ಮಂಕರಿ ಮಗುಚಿ ಮತ್ತೆ ಆರಿಸಿದ್ದಾಯಿತು. ಗಟ್ಟಿ ಗೂಡಿಗೂ ದರ ಇಳಿಯಿತು. ಜೊಳ್ಳಿನ ದುಡ್ಡನ್ನು ಸಾಬರು ಎಂದಿನಂತೆ ಸೊಸೆಯ ಕೈಗೇ ಹಾಕಿ ಹೊರಟರು.

"ಮನೆ ಮಾನ ಬೀದಿಗೆ ಎಳೆದ್ಯಲ್ಲೇ!" ಅಂದ ಗಂಡ.

"ಮಾನ ತಳದಾಗಿತ್ತು. ಅಲ್ಲಿ ಇಟ್ಟೋಳು ನಾನಲ್ಲ."

"ನಿನ್ನ ಮನೆ ಹಾಳಾಗ!" ಎಂದು ಕಿರುಚಿದ ಅಕ್ಕಯ್ಯಮ್ಮನಿಗೆ ಅದು ತನ್ನದೇ ಮನೆ ಎಂಬುದು ಆಮೇಲೆ ಹೊಳೆದಿರಬೇಕು, ಬಾಯಿಗೆ ಸೆರಗು ಒತ್ತಿಕೊಂಡಳು.

ಮರಿ ಬಂತು. "ನನ್ನ ತೋಟದ್ದು ಒಂದು ಎಲೆ ಅದರ ಬಾಯಿಗೆ ಬಿದ್ದರೆ ಕಾಲು ಮುರೀತೀನಿ" ಎಂದಳು ಅತ್ತೆ. ಯಾರ ಕಾಲು ಅಂತ ಹೇಳಲಿಲ್ಲ. ಆದಿಲಕ್ಷ್ಮಮ್ಮ ಕೆರೆ ಏರಿಯ ಹುಲ್ಲು ಕೊಯ್ದು ತಂದು ಹಾಕಿದಳು. ಬೇಸಿಗೆಯಲ್ಲಿ ಹುಲ್ಲು ಒಣಗಿದಾಗ ಬೇಲಿಯ ಸೊಪ್ಪು ತರಿದಳು. ಅತ್ತೆ ಅವಳೊಂದಿಗೆ ಮಾತು ಬಿಟ್ಟಿದ್ದಳು. ಹೇಳುವುದಿದ್ದರೆ ಕಂಬಕ್ಕೆ ಹೇಳುತ್ತಿದ್ದಳು, ಕಂಬದ ಪಕ್ಕ ಸೊಸೆ ಇದ್ದಾಗ.

ಮುಂದಿನ ವರ್ಷ ಕುರಿ ಗಬ್ಬವಾಗಿ ಹೊಟ್ಟೆ ಕೆಳಗೆ ಇಳಿಯಿತು. ಅಕ್ಕಯ್ಯಮ್ಮ ಹಿತ್ತಲ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದಳು. ಕಂಬ ದೂರವಿತ್ತು. ಸೊಸೆಗೇ ಹೇಳಬೇಕಾಯಿತು.

"ಮರಿ ಹಾಕಿದ್ರೆ ಅದು ಮನೇದು ಕಣೇ. ಕಟ್ಟಿರೋದು ನನ್ನ ಹಿತ್ತಲಲ್ಲಿ."

ಆದಿಲಕ್ಷ್ಮಮ್ಮ ಕುಡುಗೋಲು ತಂದು ಅತ್ತೆಯ ಮುಂದೆ ಹಿಡಿದಳು. "ಸೊಪ್ಪು ಕೊಯ್ದ ಕೈಗೆ ಅಲ್ವಾ, ಅತ್ತಮ್ಮ? ಏರಿ ಮೇಲೆ ಹುಲ್ಲು ಚಿಗುರೈತೆ. ಹೋಗಿ ಬನ್ನಿ, ಪಾಲು ಮಾತಾಡಣ."

ಅಕ್ಕಯ್ಯಮ್ಮನ ಕೈ ಕಿವಿಯ ಓಲೆಗೆ ಹೋಯಿತು. ಕುಡುಗೋಲು ಮುಟ್ಟದೆ ಒಳಗೆ ನಡೆದಳು. ಬೀಗದ ಕೈ ಜೋರಾಗಿಯೇ ಸದ್ದು ಮಾಡಿತು.

ಆ ದಿನ ಅವಳು ಅಳೆದುಕೊಟ್ಟ ಉಪ್ಪು ಸಾರಿಗೆ ಸಾಲಲಿಲ್ಲ. ಚನ್ನಕೇಶವ ಮುದ್ದೆ ಅದ್ದಿ ಮುಖ ಕಿವುಚಿದ.

"ಏನೇ ಇದು, ಸಪ್ಪೆ?"

"ಉಪ್ಪಿನ ಬೀಗದ ಕೈ ನನ್ನ ಹತ್ರ ಇಲ್ಲ" ಎಂದು ಆದಿಲಕ್ಷ್ಮಮ್ಮ ಕುರಿಗೆ ನೀರಿಡಲು ಎದ್ದಳು.