ಹೇಮಲತಾ ಕಣ್ಣೆತ್ತಿದ ದಿನ

ಮಾಘ ಮಾಸದ ಸಂಜೆ, ಏಳೂವರೆ ಗಂಟೆ. ನಮ್ಮ ಮನೆಯ ಟಿ.ವಿ.ಯ ಮುಂದೆ ಹಂಚಿನ ಕಾರ್ಖಾನೆಯ ಹೆಂಗಸರು ಹತ್ತು ಹದಿನೈದು ಮಂದಿ ಕೂತಿದ್ದರು. ಎಲ್ಲರ ಕಣ್ಣೂ ಟಿ.ವಿ.ಯ ಮೇಲೆ. ವಾರಿಜ ಒಬ್ಬಳು ಮಾತ್ರ ಬಾಗಿಲ ದಾರಂದಕ್ಕೆ ಒರಗಿ, ಗೋಡೆಯ ಕಡೆ ಮುಖ ಮಾಡಿ, ಎಡಗೈಯನ್ನು ಕಿವಿಯ ಹತ್ತಿರ ಎತ್ತಿ ಹಿಡಿದು ಬಲಗೈಯ ಗೆಣ್ಣಿನಿಂದ ಗಾಳಿಯನ್ನು ತಟ್ಟುತ್ತಿದ್ದಳು. ಇಲ್ಲದ ಹಂಚನ್ನು ತಟ್ಟಿ ಕೇಳುವ ಆ ಕೈ ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಟಿ.ವಿ.ಯಲ್ಲಿ ಹೇಮಲತಾಳ ಧಾರಾವಾಹಿ ಸುರುವಾದದ್ದು ಅವತ್ತು.

ಹಂಚು ತಟ್ಟುವುದೇ ಅವಳ ಕೆಲಸ. ಬೆಂದು ಹೊರಗೆ ಬಂದ ಹಂಚನ್ನು ಒಂದೊಂದಾಗಿ ಎತ್ತಿ, ತಟ್ಟಿ, ಕೇಳಬೇಕು. ಸರಿ ಇದ್ದದ್ದು ಗಂಟೆಯ ಹಾಗೆ ನುಡಿಯುತ್ತದೆ. ಕಣ್ಣಿಗೆ ಕಾಣದ ಬಿರುಕಿದ್ದರೆ ಸದ್ದು ಸತ್ತಿರುತ್ತದೆ. ನಾನೂ ಇಪ್ಪತ್ತು ವರ್ಷ ತಟ್ಟಿದವಳೇ. ದಿನಕ್ಕೆ ನಾಲ್ಕೈದಾದರೂ ತಪ್ಪುತ್ತಿತ್ತು. ವಾರಿಜಳಿಗೆ ತಪ್ಪಿದ್ದನ್ನು ನಾನು ನೋಡಿಲ್ಲ. "ಒಡೆದದ್ದು" ಎಂದು ಬದಿಗೆ ಇಡುತ್ತಿದ್ದಳು, ಅಷ್ಟೆ. ಆ ಒಂದು ಮಾತು ಬಿಟ್ಟರೆ ಬೆಳಗಿನಿಂದ ಸಂಜೆವರೆಗೆ ಅವಳ ಬಾಯಿಂದ ಬೇರೆ ಮಾತು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಊಟಕ್ಕೆ ಕೂರುವ ಕಲ್ಲು ಬದಲಾಗಬಾರದು, ಅನ್ನಕ್ಕೆ ಸಾರು ತಾಗಬಾರದು. ಸೈರನ್ ಕೂಗುವ ಮೊದಲೇ ಎರಡೂ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಆಗ ಅವಳಿಗೆ ಇಪ್ಪತ್ತಾರು ವರ್ಷ.

"ಎಂತ ಪಿರ್ಕಿ, ಇವತ್ತೂ ಅನ್ನಕ್ಕೂ ಸಾರಿಗೂ ಜಗಳವಾ?" ಎಂದು ಮಣ್ಣು ಹೊರುವ ಕಮಲ ದಿನಾ ಕೇಳುತ್ತಿದ್ದಳು. ಪಿರ್ಕಿ ಎಂದರೆ ನಮ್ಮ ಕಡೆ ಹುಚ್ಚಿ.

"ಜಗಳ ಇಲ್ಲ. ಬೇರೆ ಬೇರೆ ಉಂಟು," ಎನ್ನುತ್ತಿದ್ದಳು ವಾರಿಜ. ಎಲ್ಲರೂ ನಗುತ್ತಿದ್ದರು. ಅವಳ ತಾಯಿ ಅಪ್ಪಿ ನಗುತ್ತಿರಲಿಲ್ಲ. ಗಂಡ ಸತ್ತ ಮೇಲೆ ಅವಳೂ ಅಲ್ಲೇ ಮಣ್ಣು ಹೊರುತ್ತಿದ್ದಳು. ಮಗಳ ಮೇಲೆ ಬಿದ್ದ ಮಾತೆಲ್ಲ ಅವಳ ತಲೆಯ ಬುಟ್ಟಿಗೇ ಬೀಳುತ್ತಿತ್ತು.

ಧಾರಾವಾಹಿಯ ಹುಡುಗಿ ಹೇಮಲತಾ ದೊಡ್ಡ ಮನೆಯವಳು. ಅವಳೂ ಯಾರ ಮುಖವನ್ನೂ ನೋಡುವವಳಲ್ಲ. ಮೆಟ್ಟಿಲು ಎಣಿಸಿಯೇ ಇಳಿಯುತ್ತಾಳೆ, ಬಟ್ಟಲು ಸಾಲಾಗಿ ಇಡುತ್ತಾಳೆ, ನೆಂಟರು ಬಂದರೆ "ನೀವು ಯಾವಾಗ ಹೋಗ್ತೀರಿ?" ಎಂದು ಕೇಳುತ್ತಾಳೆ. ಮೂರನೇ ದಿನವೋ ನಾಲ್ಕನೇ ದಿನವೋ ಅಪ್ಪಿ ನನ್ನ ಮೊಣಕೈ ಹಿಡಿದಳು.

"ಅಕ್ಕ, ಇದು ನಮ್ಮ ವಾರಿಜನೇ ಅಲ್ವಾ?"

ಅದಕ್ಕೆ ಆಟಿಸಂ ಅನ್ನುತ್ತಾರೆ ಎಂದು ಮೊಮ್ಮಗಳು ಮೊನ್ನೆ ಹೇಳಿದಳು. ಆಗ ನಮಗೆ ಯಾವ ಹೆಸರೂ ಗೊತ್ತಿರಲಿಲ್ಲ. ಹೇಮಲತಾ ಎಂಬ ಹೆಸರೊಂದು ಸಿಕ್ಕಿತು, ಅದನ್ನೇ ಹಿಡಿದುಕೊಂಡೆವು. ಕಮಲ ಪಿರ್ಕಿ ಎನ್ನುವುದನ್ನು ಬಿಟ್ಟು "ಹೇಮಲತಮ್ಮಾ, ಊಟ ಆಯ್ತಾ?" ಎಂದಳು. ಲೆಕ್ಕ ಬರೆಯುವ ರೈಟರು ಕೂಡ ಅವಳನ್ನು ಕಂಡರೆ ನಗುಮುಖ ಮಾಡಿದರು. ಅಪ್ಪಿ ತಲೆಗೆ ಹೂ ಮುಡಿಯುವಷ್ಟು ಗೆಲುವಾದಳು.

ವಾರಿಜಳಿಗೆ ಮಾತ್ರ ಅದು ಹಿಡಿಸಲಿಲ್ಲ. "ನಾನು ವಾರಿಜ," ಎನ್ನುತ್ತಿದ್ದಳು. ಒಮ್ಮೆ ನನ್ನ ಮನೆಯಲ್ಲಿ ಎಲ್ಲರ ಎದುರೇ, "ಅವಳು ಎಣಿಸುದಿಲ್ಲ. ನಿನ್ನೆ ಹದಿನಾಲ್ಕು ಮೆಟ್ಟಿಲು ಇಳಿದಳು, ಇವತ್ತು ಹನ್ನೊಂದು. ಮನೆ ಅದೇ," ಎಂದಳು. ನಕ್ಕು ನಕ್ಕು ನಮಗೆ ಹೊಟ್ಟೆ ನೋವು ಬಂತು. ನಕ್ಕವರಲ್ಲಿ ಒಬ್ಬಳಾದರೂ ಆ ಮಾತನ್ನು ಕೇಳಿಸಿಕೊಳ್ಳಬೇಕಿತ್ತು.

ಮಳೆಗಾಲ ಕಳೆಯಿತು. ನವರಾತ್ರಿಯ ವಾರದಲ್ಲಿ ಧಾರಾವಾಹಿಯಲ್ಲಿ ಹೇಮಲತಾಳ ಮದುವೆ. ಹುಡುಗ ತಾಳಿಯ ಮೂರನೇ ಗಂಟು ಹಾಕಿದ. ಅವಳು ಮೆಲ್ಲನೆ ಕಣ್ಣೆತ್ತಿ ಅವನ ಮುಖವನ್ನು ನೋಡಿದಳು. ನೋಡಿದವಳೇ ಅತ್ತಳು. ಮರುದಿನದಿಂದ ಎಲ್ಲರ ಹಾಗೆ ಮಾತಾಡಿದಳು, ಅತ್ತೆಯ ಕಾಲು ಮುಟ್ಟಿದಳು, ಮೆಟ್ಟಿಲನ್ನು ಎಣಿಸದೆ ಇಳಿದಳು. ನಮ್ಮ ಮನೆಯಲ್ಲಿ ಮೂಗು ಒರೆಸಿಕೊಳ್ಳದವರು ಯಾರೂ ಇರಲಿಲ್ಲ.

"ಅವಳು ಯಾವಾಗಲೂ ನೋಡ್ತಿದ್ದಳು. ಕಳ್ಳಗಣ್ಣಲ್ಲಿ," ಎಂದಳು ವಾರಿಜ ಗೋಡೆಗೆ. ಕಮಲ ಅವಳನ್ನು ಗದರಿಸಿ ಸುಮ್ಮನಿರಿಸಿದಳು.

ಎಲ್ಲರೂ ಹೋದ ಮೇಲೆ ಅಪ್ಪಿಯನ್ನು ನಿಲ್ಲಿಸಿಕೊಂಡು ನಾನೇ ಹೇಳಿದೆ: "ಇವಳಿಗೂ ತಾಳಿ ಬಿದ್ದರೆ ಸರಿಯಾಗ್ತದೆ ಅಂತ ಕಾಣ್ತದೆ ಅಪ್ಪೀ. ಒಬ್ಬನನ್ನು ನೋಡುವ."

ಕಾರ್ಖಾನೆಯ ಹೆಂಗಸರಲ್ಲಿ ನಾನು ಹಿರಿಯಳು. ನನ್ನ ಮಾತು ತೆಗೆದುಹಾಕುವವರಿರಲಿಲ್ಲ. ಗಂಡನ್ನು ಹುಡುಕಿದ್ದೂ ನಾನೇ. ಹೊಳೆಯಾಚೆ ಬಟ್ಟೆ ಹೊಲಿಯುವ ವಾಮನ, ತಾಯಿಗೊಬ್ಬನೇ ಮಗ, ಬೀಡಿ ಸೇದದ ಹುಡುಗ. "ಹುಡುಗಿ ಸ್ವಲ್ಪ ಮೌನ. ತಾಳಿ ಬಿದ್ದ ಮೇಲೆ ಕಣ್ಣೆತ್ತುತ್ತಾಳೆ," ಎಂದು ಅವನ ತಾಯಿಗೆ ಹೇಳಿದೆ. ಆಕೆಯೂ ಆ ಧಾರಾವಾಹಿ ನೋಡುವವಳೇ. ತಲೆಯಾಡಿಸಿ ಒಪ್ಪಿದಳು.

ವಾರಿಜಳನ್ನೂ ಕೇಳಿದೆವು. ಕೇಳಲಿಲ್ಲವೆಂದು ಹೇಳಲಾರೆ.

"ಮದುವೆ ಆಗ್ತೀಯಾ ಮಗಾ?"

"ಬೇಡ. ಹಂಚು ಯಾರು ನೋಡುದು?"

"ನಾಚಿಕೆ ಅದು," ಎಂದು ಅಪ್ಪಿಗೆ ಅರ್ಥ ಹೇಳಿದವಳೂ ನಾನೇ.

ಮದುವೆಗೆ ಕಾರ್ಖಾನೆಯವರೆಲ್ಲ ಬಂದಿದ್ದರು. ತಾಳಿ ಕಟ್ಟುವ ಹೊತ್ತಿಗೆ ಊಟದ ಪಂಕ್ತಿಗೆ ಓಡುವವರೂ ಅವತ್ತು ಓಡಲಿಲ್ಲ. ಮಂಟಪದ ಸುತ್ತ ಒತ್ತಿಕೊಂಡು, ಕತ್ತು ಉದ್ದ ಮಾಡಿ, ಅವಳ ರೆಪ್ಪೆಯನ್ನೇ ನೋಡುತ್ತ ನಿಂತರು. ಗಟ್ಟಿಮೇಳದ ವಾದ್ಯ ಒಮ್ಮೆಲೇ ಎದ್ದಿತು. ವಾರಿಜ ಎರಡೂ ಕಿವಿ ಮುಚ್ಚಿದಳು. ಹಾರ ಸರಿಪಡಿಸಲೆಂದು ಯಾರೋ ಅವಳ ಕೈಗಳನ್ನು ಹಿಡಿದು ಇಳಿಸಿದರು. ವಾದ್ಯ ನಿಂತ ಮೇಲೂ ಅವಳು ಹಿಂದೆ ಮುಂದೆ ತೂಗುತ್ತಿದ್ದಳು. ಆಮೇಲೆ ಎಡಗೈಯನ್ನು ಕಿವಿಯ ಹತ್ತಿರ ಎತ್ತಿ ಗಾಳಿಯನ್ನು ತಟ್ಟತೊಡಗಿದಳು. ತಟ್ಟಿದಳು, ಕೇಳಿದಳು, ಮತ್ತೆ ತಟ್ಟಿದಳು. ಕಣ್ಣು ಎತ್ತಲಿಲ್ಲ.

"ಇನ್ನೆರಡು ದಿನ ಹೋಗಲಿ," ಎಂದೆ ನಾನು.

ಇಪ್ಪತ್ತೆರಡನೇ ದಿನ ವಾಮನ ಅವಳನ್ನು ಅಪ್ಪಿಯ ಹತ್ತಿರ ಬಿಟ್ಟುಹೋಗಲು ಕರೆತಂದವನು, ಮೊದಲು ನನ್ನ ಮನೆಗೇ ಬಂದ. ಜಗಲಿಯಲ್ಲಿ ನೀರು ಬೆಲ್ಲ ಕೊಟ್ಟರೆ ಮುಟ್ಟಲಿಲ್ಲ.

"ಸಿಟ್ಟು ಮಾಡ್ಬೇಡಿ ಅಕ್ಕ. ಅವಳದ್ದು ತಪ್ಪು ಎಂತದ್ದೂ ಇಲ್ಲ. ಅಮ್ಮ ಬೆಳಗಾದರೆ ಅವಳ ಗಲ್ಲ ಹಿಡಿದು ಮುಖ ಎತ್ತುದು, ನೋಡು ನೋಡು ಅನ್ನುದು. ಇವಳು ಕಣ್ಣು ಮುಚ್ಚಿಕೊಂಡು ನಡುಗುದು. ನನಗೆ ನೋಡ್ಲಿಕ್ಕೆ ಆಗುದಿಲ್ಲ." ಆಮೇಲೆ ನನ್ನ ಕಡೆ ತಿರುಗಿ ಕೇಳಿದ: "ಸರಿಯಾಗ್ತಾಳೆ ಅಂತ ನಿಮಗೆ ಹೇಳಿದ್ದು ಯಾರು?"

ಒಳಗಿನ ಟಿ.ವಿ. ಅವನಿಗೆ ಕಾಣದ ಹಾಗೆ ನಾನು ಬಾಗಿಲು ಎಳೆದುಕೊಂಡೆ.

ಮರುದಿನ ಸೈರನ್ನಿಗೆ ಮೊದಲೇ ವಾರಿಜ ಕಾರ್ಖಾನೆಗೆ ಬಂದಳು. ಅವಳ ಜಾಗದಲ್ಲಿ ನನ್ನ ಸೊಸೆ ಸುಮತಿ ಕೂತಿದ್ದಳು. ಮದುವೆ ಗೊತ್ತಾದ ವಾರವೇ ರೈಟರ ಹತ್ತಿರ ಮಾತಾಡಿ ಅವಳನ್ನು ಅಲ್ಲಿ ಕೂರಿಸಿದವಳು ನಾನು. ಹಂಚು ತಟ್ಟುವುದು ನೆರಳಿನ ಕೆಲಸ. ಬಸುರಿ ಸೊಸೆ ಬಿಸಿಲಲ್ಲಿ ಮಣ್ಣು ಹೊರುವುದು ತಪ್ಪಲಿ ಎಂದು ನನಗಿತ್ತು. ಆ ಜಾಗಕ್ಕಾಗಿಯೇ ಮದುವೆ ಮಾಡಿಸಿದೆ ಎಂದು ಯಾರೂ ಹೇಳಲಿಲ್ಲ. ನಾನೂ ಹಾಗೆ ಎಣಿಸಿರಲಿಲ್ಲ. ಎಣಿಸಿರಲಿಲ್ಲ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ.

ವಾರಿಜ ಸೊಸೆಯ ಬೆನ್ನ ಹಿಂದೆ ಹೋಗಿ ನಿಂತಳು. ಸುಮತಿ ತಟ್ಟಿ ಒಳ್ಳೆಯ ಸಾಲಿಗೆ ಇಟ್ಟ ಹಂಚಿನ ಸದ್ದು ಕೇಳಿಯೇ "ಒಡೆದದ್ದು," ಎಂದಳು. ಇನ್ನೊಂದಕ್ಕೂ ಹೇಳಿದಳು. ರೈಟರು ಬಂದು ಎರಡನ್ನೂ ತಟ್ಟಿ ನೋಡಿದರು. ಒಡೆದದ್ದೇ. ಸುಮತಿ ಅತ್ತಳು. ಮೂರು ದಿನ ಹೀಗೇ ನಡೆಯಿತು.

ನಾಲ್ಕನೇ ದಿನ ರೈಟರು ನನ್ನನ್ನು ಕರೆದರು. "ಎಂತ ಮಾಡುದು? ನೀವೇ ಹೇಳಿ ಅಕ್ಕ."

ಸುಮತಿಯನ್ನು ಎಬ್ಬಿಸಿ ಎಂದು ಹೇಳಬಹುದಿತ್ತು. ನಾನು ಒಂದು ಮಾತೂ ಆಡಲಿಲ್ಲ. ಮರುದಿನ ಕಾವಲಿನವನು ವಾರಿಜಳನ್ನು ಗೇಟಿನಲ್ಲೇ ನಿಲ್ಲಿಸಿದ. ಒಂದು ವಾರ ಅವಳು ಗೇಟಿನ ಹೊರಗೆ, ಬಿಸಿಲಲ್ಲಿ, ಸಂಜೆಯವರೆಗೆ ನಿಂತಳು. ಹೆಂಗಸರು ಅವಳ ಪಕ್ಕದಿಂದಲೇ ಒಳಗೆ ಹೋಗುತ್ತಿದ್ದರು. ಈಗ ಯಾರೂ ಅವಳನ್ನು ಹೇಮಲತಾ ಎನ್ನುತ್ತಿರಲಿಲ್ಲ, ಪಿರ್ಕಿ ಎಂದೂ ಅನ್ನಲಿಲ್ಲ.

ಅಪ್ಪಿ ಘಟ್ಟದ ಮೇಲಿನ ತನ್ನ ತಮ್ಮನ ಊರಿಗೆ ಹೊರಟಳು. ನಾನು ಬಸ್ ಸ್ಟ್ಯಾಂಡಿಗೆ ಹೋದೆ. ಅವಳು ನನ್ನನ್ನು ಬಯ್ಯಲಿಲ್ಲ. ಗಂಟನ್ನು ಬಸ್ಸಿಗೆ ಹಾಕಿ, "ಹೋಗ್ತೇವೆ ಅಕ್ಕ," ಎಂದಳು. ನಮ್ಮ ಕಡೆ ಹೊರಡುವವರು ಬರ್ತೇವೆ ಎನ್ನುತ್ತಾರೆ.

ಅಪ್ಪಿ, ವಾರಿಜ ಇಬ್ಬರೂ ಹೋದದ್ದು ಬುಧವಾರ, ಬೆಳಗಿನ ಮೊದಲ ಬಸ್ಸಿನಲ್ಲಿ. ಮಳೆ ಇರಲಿಲ್ಲ. ಬಸ್ಸಿನ ಕಿಟಕಿಗಳಲ್ಲಿ ಅವರಿಬ್ಬರು ಕೂತದ್ದರ ಟರ್ಪಾಲು ಮಾತ್ರ ಕೆಳಗಿನವರೆಗೆ ಇಳಿದಿತ್ತು, ಅದನ್ನು ಒಳಗಿನಿಂದ ಯಾರೋ ಬಿಗಿಯಾಗಿ ಹಿಡಿದುಕೊಂಡಿದ್ದರು.